ಒಂಟಿ ಕೂಗು

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹಿತ್ತಲ ಹಗ್ಗದ ಮೇಲೆ ಹಾಕಿದ್ದ ಕಾಲುಚೀಲವನ್ನು ಅಂಚೆಯಕ್ಕ ಕೈಯಿಂದ ತಡವಿ ಹುಡುಕಬೇಕಾಯಿತು. ಗಾಳಿ ಇರಲಿಲ್ಲ. ಎಲೆಗಳಿಂದ ಹನಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಊರು ಇನ್ನೂ ಬಾಯಿ ತೆರೆದಿರಲಿಲ್ಲ. ಎದುರಿನ ಗುಡ್ಡವೂ ಇಲ್ಲ, ಗುಡ್ಡದ ಮೇಲಿನ ಹಳೆಯ ಕೋಟೆಯೂ ಇಲ್ಲ. ದೇವರು ಲೋಕವನ್ನು ಒಮ್ಮೆ ಒರೆಸಿ, ನಿಧಾನವಾಗಿ ಮತ್ತೆ ಬರೆದರಾಯಿತೆಂದು ಸುಮ್ಮನೆ ಕೂತಿದ್ದಾನೆ ಅನ್ನಿಸುವಂತಿತ್ತು.

ಕಾಲುಚೀಲ ಸಿಕ್ಕಿತು. ಒದ್ದೆಯಾಗಿತ್ತು. ಒದ್ದೆಯನ್ನೇ ಹಾಕಿಕೊಂಡಳು.

ಮೂವತ್ತೆರಡು ವರ್ಷ ಚೀಲ ಹೊತ್ತು ಕಾಗದ ಹಂಚಿದವಳು. ಕೆಲಸದಿಂದ ನಿವೃತ್ತಿಯಾಗಿ ವರ್ಷ ಕಳೆದಿದ್ದರೂ ಊರ ಬಾಯಲ್ಲಿ ಅವಳು ಅಂಚೆಯಕ್ಕನೇ. ನಡೆದು ಹಂಚಿದ್ದು ಕಡಿಮೆ, ಓಡಿ ಹಂಚಿದ್ದೇ ಹೆಚ್ಚು. ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವಳ ಗಂಡ, ಊರಿನ ದರ್ಜಿ, ಕನ್ನಡಕದ ಮೇಲಿಂದ ನೋಡಿದ.

"ಅರವತ್ತಕ್ಕೆ ಅರಳುಮರಳು ಅಂತಾರೆ. ನಿನಗೆ ಒಂದು ವರ್ಷ ಲೇಟಾಗಿ ಬಂದಿದೆ."

"ಅಂಚೆ ಕಚೇರಿಯವಳು ನಾನು. ನಮ್ಮಲ್ಲಿ ಎಲ್ಲಾ ಲೇಟಾಗೇ ಬರೋದು," ಎಂದು ಅವಳು ಬೂಟಿನ ಲೇಸು ಬಿಗಿದಳು.

"ನಿನ್ನ ಅಣ್ಣನ ಗೋಡೆ ಹತ್ರ ಏನು ಮಾಡ್ತೀಯ?"

ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ ಎದ್ದಳು. ದರ್ಜಿ ನಲವತ್ತು ವರ್ಷದ ಸಂಸಾರಸ್ಥ. ಹೆಂಡತಿ ಎರಡು ಗಂಟು ಹಾಕಿದ ದಿನ ಯಾವ ಮಾತೂ ನಡೆಯುವುದಿಲ್ಲವೆಂದು ಬಲ್ಲವನು. ಸೂಜಿಗೆ ದಾರ ಪೋಣಿಸತೊಡಗಿದ.

ಕೋಟೆಯ ಬುಡದಿಂದ ಹೊಳೆಯ ದಂಡೆಯವರೆಗೆ ಆ ಊರಿಗೊಂದು ಕಾಲುದಾರಿಯಿತ್ತು. ಹೊಲ ಹಾದು, ಪಾಳುಬಿದ್ದ ಕಾವಲುಗೋಪುರವನ್ನು ಬಳಸಿ, ಹಳೆಯ ಕಲ್ಲುಸೇತುವೆ ದಾಟಿ, ಹುಲ್ಲುಗಾವಲಿನ ನಡುವೆ ಇಳಿಯುವ ದಾರಿ. ಅದರುದ್ದಕ್ಕೂ ಸೊಂಟದೆತ್ತರದ ಎಂಟು ಕಲ್ಲುಗಳು, ಒಂದೊಂದರ ನೆತ್ತಿಯ ಮೇಲೂ ತೆರೆದ ಬಾಯಿಯಂಥ ಒಂದು ಗುಳಿ. ಅವಕ್ಕೆ ಕೂಗುಗಲ್ಲು ಎಂದು ಹೆಸರು. ಕೋಟೆಯಲ್ಲಿ ಅರಸರಿದ್ದ ಕಾಲಕ್ಕೆ ಸುದ್ದಿ ಹೊತ್ತ ಓಟಗಾರ ಒಂದು ಕಲ್ಲಿಗೆ ಬಂದು ಕೂಗು ಹಾಕಬೇಕು. ಮುಂದಿನ ಕಲ್ಲಿನಲ್ಲಿ ಕಾದವನು 'ಓ' ಎನ್ನಬೇಕು. ಓ ಕೇಳಿಸಿತೆಂದರೆ ಅಲ್ಲಿ ಇನ್ನೆರಡು ಕಾಲು ಎದ್ದು ನಿಂತಿವೆ ಎಂದು ಅರ್ಥ. ಕಲ್ಲಿಂದ ಕಲ್ಲಿಗೆ ಒಂದೊಂದು ಕೂಗಳತೆ. ಅರಸರು ಹೋದರು, ಸುದ್ದಿ ತಂತಿಯ ಮೇಲೆ ಓಡತೊಡಗಿತು. ಆದರೂ 'ಕೂಗಿದವರಿಗೆ ಓ ಬಾಕಿ ಇಟ್ಟು ಮಲಗಬಾರದು' ಎಂಬ ಮಾತು ಊರಲ್ಲಿ ಉಳಿದಿತ್ತು.

ಈಗ ಪಟ್ಟಣದ ಜನ ಬೆಳಗಿನ ಓಟಕ್ಕೆ ಹಳ್ಳಿಯ ಹಳೆಯ ದಾರಿಗಳನ್ನು ಹುಡುಕಿಕೊಂಡು ಬರುತ್ತಿದ್ದರು. ಹಾಗೆ ಓಡಲು ಚೆಂದವಾದ ದಾರಿಗಳದ್ದೊಂದು ಪುಸ್ತಕವನ್ನು ಸರ್ಕಾರಿ ಕಚೇರಿ ಅಚ್ಚು ಹಾಕಿಸುತ್ತಿತ್ತು. ಪುಸ್ತಕ ಸೇರಬೇಕಾದರೆ ದಾರಿ ಕೊನೆಯಿಂದ ಕೊನೆಗೆ ತೆರೆದಿರಬೇಕು, ಅಕ್ಕಪಕ್ಕದ ಜಮೀನಿನವರೆಲ್ಲ ಒಪ್ಪಿಗೆಯ ಸಹಿ ಹಾಕಿರಬೇಕು. ಸೇರದ ದಾರಿಯನ್ನು ದಾರಿಗಳ ದಫ್ತರದಿಂದಲೇ ಹೊಡೆದುಹಾಕಿ ಪಕ್ಕದ ಜಮೀನಿಗೆ ಸೇರಿಸಿಬಿಡುತ್ತಾರೆ. ಇಂದು ಸಂಜೆ ನಾಲ್ಕಕ್ಕೆ ಕಾಗದಗಳು ಅಚ್ಚಿನಮನೆಗೆ ಮುಟ್ಟಬೇಕು. ಏಳು ಸಹಿ ಬಂದಿದ್ದವು. ಒಂದು ಬಂದಿರಲಿಲ್ಲ.

ಬಾರದ ಸಹಿ ಗಾರೆಯಣ್ಣನದು. ಅಂಚೆಯಕ್ಕನ ಒಡಹುಟ್ಟಿದ ಅಣ್ಣ. ಆರನೆಯ ಕಲ್ಲಿನ ಮಗ್ಗುಲಲ್ಲಿ ಅವರ ತವರುಮನೆ. ಹತ್ತೊಂಬತ್ತು ವರ್ಷದ ಹಿಂದೆ ಅವನು ಐದನೆಯ ಕಲ್ಲಿನ ಹತ್ತಿರ ದಾರಿಗೆ ಅಡ್ಡವಾಗಿ ಎದೆಮಟ್ಟದ ಗೋಡೆ ಎಬ್ಬಿಸಿದ್ದ. ಅಂದಿನಿಂದ ಅಂಚೆಯಕ್ಕ ದಿನವೂ ಒಂದೂವರೆ ಮೈಲಿ ಬಳಸಿ ಓಡಿ ಅವನ ಕಾಗದವನ್ನು ಅವನ ಪೆಟ್ಟಿಗೆಗೇ ಹಾಕಿ ಬಂದಿದ್ದಳು. ಈ ಸಲ ಒಪ್ಪಿಗೆ ಕೇಳಿ ಅವಳೇ ಮೂರು ಕಾಗದ ಬರೆದಳು. ಮೂರೂ ಒಡೆಯದೆ ಹಿಂದೆ ಬಂದವು. ಮೂರರ ಮೇಲೂ ಅಣ್ಣನ ದಪ್ಪಕ್ಷರದಲ್ಲಿ, ಅವಳ ಕಚೇರಿಯದೇ ಮಾತು: 'ವಿಳಾಸದಾರರು ನಿರಾಕರಿಸಿದ್ದಾರೆ.'

"ಗೋಡೆ ವಿಷಯ ನನಗೆ ಬಿಡು," ಎಂದು ಅವಳು ನಕ್ಷೆಯ ಹುಡುಗಿಗೆ ಮಾತು ಕೊಟ್ಟುಬಿಟ್ಟಿದ್ದಳು.

ನಕ್ಷೆಯ ಹುಡುಗಿ ಪುಸ್ತಕಕ್ಕಾಗಿ ದಾರಿ ಅಳೆಯಲು ಬಂದ ಸರ್ಕಾರಿ ಕಚೇರಿಯವಳು. ಕೋಲಿನ ತುದಿಗೊಂದು ಗಾಲಿ ಸಿಕ್ಕಿಸಿದ ಅಳತೆಯ ಯಂತ್ರ ಹಿಡಿದು ಮೊದಲನೆಯ ಕಲ್ಲಿನ ಹತ್ತಿರ ನಡುಗುತ್ತ ನಿಂತಿದ್ದಳು.

"ಅಕ್ಕಾ, ಮಂಜು ಕರಗೋವರೆಗೆ ಕಾಯೋಣ್ವಾ?"

"ಮಂಜಿಗೇನು ಮಗಾ, ಸಂಬಳ ಇಲ್ಲ, ರಜೆ ಇಲ್ಲ. ಬೇಕಾದಾಗ ಹೋಗುತ್ತೆ. ನಿನ್ನ ಅಚ್ಚಿನಮನೆ ನಾಲ್ಕಕ್ಕೆ ಬಾಗಿಲು ಹಾಕುತ್ತೆ. ನಡಿ."

ಓಡಿದರು. ಮುಂದೆ ಅಂಚೆಯಕ್ಕ, ಹಿಂದೆ ಗಡಗಡ ಎನ್ನುವ ಗಾಲಿ. ಕೋಟೆಗೋಡೆಯ ಬುಡದಲ್ಲಿ ಪಾಚಿಗಟ್ಟಿದ ಮೆಟ್ಟಿಲು, ಉತ್ತ ಹೊಲದ ಹಸಿಮಣ್ಣಿನ ವಾಸನೆ, ಮಂಜಿನಲ್ಲಿ ಅರ್ಧಕ್ಕೇ ನಿಂತಂತೆ ಕಾಣುವ ಕಾವಲುಗೋಪುರ. ಅಂಚೆಯಕ್ಕನಿಗೆ ಕಣ್ಣು ಬೇಕಿರಲಿಲ್ಲ. ಎಲ್ಲಿ ಬೇರು ಎದ್ದಿದೆ, ಎಲ್ಲಿ ಕಲ್ಲು ಜಾರುತ್ತದೆ ಎಂದು ಅಂಗಾಲಿಗೇ ಗೊತ್ತಿತ್ತು. ಒಂದೊಂದು ಕಲ್ಲು ಸಿಕ್ಕಾಗಲೂ ಹುಡುಗಿ ನಿಂತು ಗಾಲಿಯ ಅಂಕಿ ಬರೆದುಕೊಂಡಳು. ನಾನೂರ ಮೂವತ್ತು. ನಾನೂರ ಹತ್ತು. ಐನೂರ ಅರವತ್ತು.

"ಒಂದೂ ಸಮ ಇಲ್ವಲ್ಲ ಅಕ್ಕಾ. ಒಂದು ಕೂಗಳತೆ ಅಂದ್ರೆ ಸರಿಯಾಗಿ ಎಷ್ಟು ಮೀಟರು?"

"ಕೂಗೋರು ಯಾರು ಅನ್ನೋದರ ಮೇಲೆ. ನಮ್ಮ ಯಜಮಾನರು ಕೂಗಿದ್ರೆ ಅಡುಗೆಮನೆ ದಾಟಲ್ಲ."

ಹುಡುಗಿ ನಕ್ಕಳು. ನಗುತ್ತಲೇ ನಾಲ್ಕನೆಯ ಕಲ್ಲು ದಾಟಿ, ಕಲ್ಲುಸೇತುವೆಗೆ ಬಂದರು. ಸೇತುವೆಯ ಮೇಲ್ಗಡೆ ಹಳೆಯ ಒಡ್ಡೊಂದರಿಂದ ನೀರು ಧುಮುಕುತ್ತಿತ್ತು. ಆಚೆ ದಡದ ಏರು ಹತ್ತಿದ ಕೂಡಲೇ ಐದನೆಯ ಕಲ್ಲು. ಅದರ ಹಿಂದೆ, ಮಂಜಿನಲ್ಲಿ ಕಪ್ಪಗೆ, ಗೋಡೆ.

"ಅರೆ! ಇದು ಬರೀ ನೂರ ತೊಂಬತ್ತು," ಎಂದಳು ಹುಡುಗಿ. ಹಿಂದೆ ತಿರುಗಿ ನೀರಿನ ಸದ್ದಿಗೆ ಕಿವಿಗೊಟ್ಟು, ಕಣ್ಣರಳಿಸಿದಳು. "ಗೊತ್ತಾಯ್ತು! ನೀರಿನ ಗದ್ದಲ ಇದೆಯಲ್ಲ, ಅದಕ್ಕೇ ಹತ್ರ ಹತ್ರ ನಿಲ್ಲಿಸಿದ್ದಾರೆ. ಎಂಥಾ ಲೆಕ್ಕ ನೋಡಿ! ಇಲ್ಲಿ ಕೂಗಿದ್ದು ಅಲ್ಲಿ ಕೇಳಿಸದೇ ಇರೋಕೆ ಸಾಧ್ಯಾನೇ ಇಲ್ಲ. ಕೇಳಿಸಲಿಲ್ಲ ಅಂದೋರು ಕಿವುಡರಿರಬೇಕು, ಇಲ್ಲಾ ಸುಳ್ಳು ಹೇಳ್ತಿರಬೇಕು."

ಅಂಚೆಯಕ್ಕ ಕಲ್ಲಿನ ಮೇಲೆ ಕೈಯೂರಿ ನಿಂತುಬಿಟ್ಟಳು. ಓಟಕ್ಕೆ ಏರದ ಉಸಿರು ಈಗ ಏರಿತು.

ಅಂದೂ ಇಂಥದೇ ಮಂಜು. ಸಂಜೆಗೆ ಇನ್ನೂ ಬೆಳಕಿತ್ತು. ಖಾಲಿ ಚೀಲ ಹೆಗಲಿಗೇರಿಸಿ ಅವಳು ಊರಿಗೆ ಮರಳುತ್ತಿದ್ದಳು. ನಾಲ್ಕನೆಯ ಕಲ್ಲು ದಾಟಬೇಕು, ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು. 'ಪುಟ್ಟೀ!' ಒಂದೇ ಒಂದು. ನಿಂತಳು. ಓ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಮ್ಮ ಸಣ್ಣಂದಿನಲ್ಲೇ ಕಲಿಸಿದ್ದಳು: 'ದಾರಿಯಲ್ಲಿ ಒಂಟಿ ಕೂಗಿಗೆ ಓಗೊಡಬೇಡ. ಮನುಷ್ಯರಾದವರು ಎರಡನೇ ಸಲ ಕೂಗ್ತಾರೆ. ಒಂದೇ ಸಲ ಕೂಗೋದು ಮನುಷ್ಯರಲ್ಲ.' ಅವಳು ಎರಡನೆಯ ಕೂಗಿಗೆ ಕಾದಳು. ನೀರು ಧುಮುಕುತ್ತಲೇ ಇತ್ತು. ಕೂಗು ಬರಲಿಲ್ಲ. ಮೈ ಜುಂ ಎಂದಿತು. ಹಿಂದೆ ನೋಡದೆ ಕಾಲಿಗೆ ಬುದ್ಧಿ ಹೇಳಿದಳು.

ಐದನೆಯ ಕಲ್ಲಿನಲ್ಲಿ ಇದ್ದವನು ಅಣ್ಣ. ಬೆನ್ನ ಮೇಲೆ ಅಮ್ಮ. ಅಮ್ಮನ ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾಗಿ, ಬಲಗೈ ಜೋತುಬಿದ್ದಿತ್ತು. ಅವನಿಗೆ ಬೇಕಾಗಿದ್ದದ್ದು ತಂಗಿಯ ಕಾಲು. ಅವಳು ಓಡಿ ಹೋಗಿ ಊರಿನಿಂದ ಗಾಡಿ ಕರೆಸಿದ್ದರೆ ಸಾಕಿತ್ತು. ಅವನೊಬ್ಬನೇ ಹೊತ್ತುಕೊಂಡು ಬಂದ. 'ಒಂದು ಗಂಟೆ ಮೊದಲು ಬಂದಿದ್ದರೆ ಮಾತು ಉಳಿಯುತ್ತಿತ್ತು' ಎಂದರು ಡಾಕ್ಟರು. ಅಮ್ಮ ಉಳಿದಳು, ಮಾತು ಹೋಯಿತು. ಮೂರು ಹೊಲದಾಚೆಯ ದನವನ್ನು ಒಂದೇ ಕೂಗಿಗೆ ಮನೆಗೆ ತರಿಸುತ್ತಿದ್ದವಳು ಎರಡು ವರ್ಷ ಕಿಟಕಿಯ ಹತ್ತಿರ ಸುಮ್ಮನೆ ಕೂತು ಹೋಗಿಬಿಟ್ಟಳು.

'ನಾನು ಕೂಗಿದ್ದು ಕೇಳಿಸಲಿಲ್ವಾ?' ಎಂದು ಆಸ್ಪತ್ರೆಯ ಬಾಗಿಲಲ್ಲಿ ಅಣ್ಣ ಕೇಳಿದ್ದ. 'ಇಲ್ಲ' ಎಂದಿದ್ದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಎರಡಕ್ಷರವನ್ನು ಮರಳಿ ಬಾಯೊಳಗೆ ಹಾಕಿಕೊಳ್ಳಲು ಅವಳಿಂದ ಆಗಲಿಲ್ಲ. ಅವನು ಅವಳ ಮುಖ ನೋಡಿದ. ತಿಂಗಳೊಳಗೆ ಗೋಡೆ ಎದ್ದಿತು.

"ಅಕ್ಕಾ, ನೀರು ಬೇಕಾ?" ಎಂದಳು ಹುಡುಗಿ.

"ಬೇಡ." ಅಂಚೆಯಕ್ಕ ಗೋಡೆಯತ್ತ ತಿರುಗಿದಳು. ಕೈಯನ್ನು ಬಾಯಿಗೆ ಬಟ್ಟಲು ಮಾಡಿಕೊಂಡಳು. ದೇವರೇ, ಕಂಠಕ್ಕೆ ಬಲ ಕೊಡು ಎಂದು ಒಳಗೇ ಬೇಡಿಕೊಂಡು, ಕೂಗಿದಳು.

"ಅಣ್ಣಾ!"

ಕೂಗು ಗೋಡೆಯ ಮೇಲಿಂದ ಹಾರಿ ಮಂಜಿನೊಳಗೆ ಇಳಿಯಿತು. ಆರನೆಯ ಕಲ್ಲಿನಲ್ಲಿ ಯಾರೋ ಲೋಹಕ್ಕೆ ಕಲ್ಲು ಉಜ್ಜುವ ಸದ್ದು ಬರುತ್ತಿತ್ತು. ಅದು ನಿಂತಿತು. ಓ ಬರಲಿಲ್ಲ.

"ಇನ್ನೊಂದು ಸಲ ಕೂಗಿ, ಅಕ್ಕಾ."

"ಒಂದು ಸಾಕು. ಬಾ, ಬಳಸಿ ಹೋಗೋಣ."

"ಅದು ದಾರಿಯಲ್ಲ, ರಸ್ತೆ! ಒಂದೂವರೆ ಮೈಲಿ! ನಾನು ಅದನ್ನ ಅಳೆಯೋ ಹಾಗಿಲ್ಲ."

"ಅಳೀಬೇಡ. ಓಡು."

ಊರಿಗೊಂದು ದಾರಿಯಾದರೆ ಇವಳಿಗೊಂದು ದಾರಿ ಎಂದು ಹುಡುಗಿ ಗೊಣಗಿದ್ದು ಕೇಳಿಸಿತು. ಅಂಚೆಯಕ್ಕ ಕೇಳಿಸದವಳಂತೆ ಓಡಿದಳು. ಎಡ ಮಂಡಿ ಚುಚ್ಚತೊಡಗಿತ್ತು. ಹದಿನೆಂಟು ವರ್ಷ ಈ ಬಳಸುದಾರಿಯನ್ನು ಶಿಕ್ಷೆಯೆಂದು ಓಡಿದ್ದಳು. ಶಿಕ್ಷೆ ಕೊಟ್ಟವನು ಅಣ್ಣನೆಂದೇ ಅಂದುಕೊಂಡಿದ್ದಳು. ಇವತ್ತು, ನೂರ ತೊಂಬತ್ತು ಎಂಬ ಒಂದು ಅಂಕಿ ಕಿವಿಗೆ ಬಿದ್ದ ಮೇಲೆ, ಅದನ್ನು ವಿಧಿಸಿಕೊಂಡವಳು ತಾನೇ ಎಂದು ತಿಳಿಯಿತು. ತಿಳಿದ ಮೇಲೆ ಮಂಡಿಯ ನೋವು ನೋವಾಗಿಯೇ ಉಳಿಯಿತು, ಹೆಜ್ಜೆ ಮಾತ್ರ ಗಟ್ಟಿಯಾಯಿತು.

ಗಾರೆಯಣ್ಣ ಆರನೆಯ ಕಲ್ಲಿನ ಪಕ್ಕದ ಜಗಲಿಯ ಮೇಲೆ ಕೂತಿದ್ದ. ಗಾರೆ ಮೆತ್ತುವ ಕರಣೆ ತೊಡೆಯ ಮೇಲಿತ್ತು. ಒಣಗಿ ಅಂಟಿದ ಸುಣ್ಣವನ್ನು ಕಲ್ಲಿನಿಂದ ಉಜ್ಜಿ ತೆಗೆಯುತ್ತಿದ್ದ. ತಲೆ ಎತ್ತಲಿಲ್ಲ.

"ಒಂದೇ ಸಲ ಕೂಗಿದೆ," ಎಂದ. ಗೋಡೆ ಎದ್ದ ಮೇಲೆ, ಅಮ್ಮ ಹೋದ ದಿನ ಬಿಟ್ಟರೆ, ಅವಳೊಂದಿಗೆ ಅವನು ಆಡಿದ ಮೊದಲ ಮಾತು ಅದು. "ಎರಡನೇ ಸಲ ಕೂಗೋಕೆ ಏನಾಗಿತ್ತು?"

"ನೀನೂ ಒಂದೇ ಸಲ ಕೂಗಿದ್ದೆ, ಅಣ್ಣಾ."

ಉಜ್ಜುವ ಕೈ ನಿಂತಿತು.

"ಹಾಗಾದ್ರೆ ಕೇಳಿಸಿತ್ತು."

"ಕೇಳಿಸಿತ್ತು."

"ಅವತ್ತು ಇಲ್ಲ ಅಂದೆ."

"ಸುಳ್ಳು ಹೇಳಿದೆ. ಒಂಟಿ ಕೂಗಿಗೆ ಓಗೊಡಬೇಡ ಅಂತ ಅಮ್ಮ ಹೇಳ್ತಿದ್ದಳಲ್ಲ. ಎರಡನೇದು ಬರಲಿ ಅಂತ ನಿಂತೆ. ಬರಲಿಲ್ಲ. ಹೆದರಿ ಓಡಿಬಿಟ್ಟೆ. ಆಸ್ಪತ್ರೇಲಿ ನೀನು ಕೇಳಿದಾಗ ಅಮ್ಮನ ಬಾಯಿ ನೋಡಿದೆ. ಹೌದು ಅನ್ನೋಕೆ ನಾಲಿಗೆ ಹೊರಳಲಿಲ್ಲ."

ಗಾರೆಯಣ್ಣ ಕರಣೆಯನ್ನು ಮಗ್ಗುಲಾಗಿಸಿ ಹಿಡಿದ. ಅಂಚಿನಿಂದ ಸುಣ್ಣದ ಪುಡಿ ಅವನ ಮೊಣಕಾಲಿಗೆ ಉದುರಿತು.

"ಬೆನ್ನ ಮೇಲೆ ಅಮ್ಮ ಇದ್ದಳು," ಎಂದ ಕೊನೆಗೆ. "ಎರಡನೇದಕ್ಕೆ ಉಸಿರಿರಲಿಲ್ಲ, ಪುಟ್ಟಿ."

ಏನೊಂದೂ ಅರ್ಥವಾಗದ ನಕ್ಷೆಯ ಹುಡುಗಿ ಗಾಲಿಯನ್ನು ಸದ್ದಾಗದಂತೆ ಎತ್ತಿ ಹಿಡಿದು ನಿಂತಿದ್ದಳು. ಬಾಗಿಲಿಂದ ಅತ್ತಿಗೆ ಎರಡು ಲೋಟ ನೀರು ತಂದಳು.

"ಹತ್ತೊಂಬತ್ತು ವರ್ಷಕ್ಕೆ ಅಣ್ಣ ತಂಗಿ ಬಾಯಿ ಬಿಟ್ಟಿದ್ದೀರಿ. ಒಣಗಿರುತ್ತೆ. ಕುಡೀರಿ."

ಹುಡುಗಿಗೆ ಅಷ್ಟು ಧೈರ್ಯ ಸಾಕಾಯಿತು. ಒಪ್ಪಿಗೆಯ ಕಾಗದ ಮುಂದೆ ಹಿಡಿದಳು. "ಅಜ್ಜಾ, ನಾಲ್ಕು ಗಂಟೆ ಒಳಗೆ…"

"ಏನದು, ಮಕ್ಕಳ ಗಾಡಿ ಥರ?" ಗಾರೆಯಣ್ಣನ ಕಣ್ಣು ಕಾಗದದ ಮೇಲಿರಲಿಲ್ಲ.

"ಅಳತೆ ಗಾಲಿ."

"ಹೂಂ. ನನ್ನ ಕೈಯೆಲ್ಲಾ ಸುಣ್ಣ. ಓಡೋಕೆ ಬಂದೋರು ಓಡಿ ಮುಗಿಸಿ."

ಅದು ಬೈಗುಳವೂ ಅಲ್ಲ, ಒಪ್ಪಿಗೆಯೂ ಅಲ್ಲ. ಅಂಚೆಯಕ್ಕ ಲೋಟ ಬರಿದುಮಾಡಿ ಅತ್ತಿಗೆಯ ಕೈಗಿಟ್ಟಳು. ಕ್ಷಮಿಸು ಎನ್ನಲಿಲ್ಲ. ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಅದನ್ನು ಏನು ಮಾಡಬೇಕೆನ್ನುವುದು ಇನ್ನು ಅವನದು, ಅವನ ಮೇಲಿರುವವನದು. ತನ್ನ ಪಾಲಿಗೆ ಉಳಿದದ್ದು ಎರಡು ಕಲ್ಲು.

ಏಳನೆಯ ಕಲ್ಲಿನವರೆಗೆ ಹುಲ್ಲುಗಾವಲು. ಮಂಜು ನೆಲಬಿಟ್ಟು ಮೇಲೇಳುತ್ತಿತ್ತು. ಮೊದಲು ಹುಲ್ಲು ಕಂಡಿತು, ಆಮೇಲೆ ಕುರಿಗಳ ಕಾಲು, ಆಮೇಲೆ ಕುರಿಗಳು. ಹಿಂದೆ ಗುಡ್ಡದ ಮೇಲೆ ಕೋಟೆಯ ಒಂದು ಮೂಲೆ ಬಿಸಿಲಿಗೆ ಬಂತು. ಹುಡುಗಿ ಅಳತೆ ಮರೆತು ನಿಂತುಬಿಟ್ಟಳು.

"ಅಕ್ಕಾ, ಇದು ಪುಸ್ತಕದಲ್ಲಿ ಇರಲೇಬೇಕು."

"ಇರುತ್ತೆ. ಕಾಲು ಎತ್ತು."

"ನಿಮ್ಮ ಮಂಡಿ?"

"ಅದು ನಿನ್ನೆಯೂ ನೋಯ್ತಿತ್ತು, ನಾಳೆಯೂ ನೋಯುತ್ತೆ. ಇವತ್ತು ಅದನ್ನ ಯಾಕೆ ಕೇಳಬೇಕು?"

ಎಂಟನೆಯ ಕಲ್ಲು ಹೊಳೆಯ ದಂಡೆಯಲ್ಲಿ, ಅರ್ಧ ಮರಳಿನಲ್ಲಿ ಹೂತಿತ್ತು. ಅದರ ನೆತ್ತಿಯ ಗುಳಿಯಲ್ಲಿ ಮಂಜಿನ ನೀರು ನಿಂತಿತ್ತು. ಅಂಚೆಯಕ್ಕ ಬೆರಳದ್ದಿ ಕಣ್ಣಿಗೆ ಒತ್ತಿಕೊಂಡಳು. ಹುಡುಗಿ ಗಡಿಯಾರ ನೋಡಿ ಸಮಯ ಬರೆದುಕೊಂಡಳು. ಆಮೇಲೆ ಪೆನ್ನು ಕಚ್ಚಿ, ಮೆಲ್ಲಗೆ ಕೇಳಿದಳು: "ಸಹಿ ಬರದಿದ್ರೆ?"

"ಬಂದ ದಾರೀಲೇ ಹಿಂದಕ್ಕೆ ಹೋಗೋಣ," ಎಂದಳು ಅಂಚೆಯಕ್ಕ.

ಆರನೆಯ ಕಲ್ಲಿಗೆ ಮರಳುವಾಗ ಮಂಜು ಪೂರ್ತಿ ಕರಗಿತ್ತು. ಜಗಲಿ ಖಾಲಿ. ಅತ್ತಿಗೆ ಒಬ್ಬಳೇ ಬಟ್ಟೆ ಒಣಹಾಕುತ್ತಿದ್ದಳು.

"ನೀವು ಆ ಕಡೆ ಹೋಗಿದ್ದೇ ತಡ, ಹಾರೆ ಹಿಡ್ಕೊಂಡು ಹೋದರು. ತಿಂಡೀನೂ ಇಲ್ಲ, ಏನೂ ಇಲ್ಲ." ಆಮೇಲೆ ಬಟ್ಟೆಯ ಮರೆಯಿಂದ ಇಣುಕಿ, ದನಿ ತಗ್ಗಿಸಿದಳು. "ಅಲ್ಲ ಕಣೇ, ದಿನಾ ಓಡಾಡಿದವಳು ನೀನು, ಒಂದು ದಿನಾನಾದ್ರೂ ಆ ಗೋಡೆ ಸರಿಯಾಗಿ ನೋಡಿದ್ದೀಯಾ? ಊರಿನ ಹಂದಿಗೂಡಿಗೂ ಗಾರೆ ಹಾಕಿ ಕಟ್ಟೋ ಮನುಷ್ಯ. ಅದಕ್ಕೆ ಒಂದು ಚಿಟಿಕೆ ಗಾರೆ ಹಾಕಿಲ್ಲ."

ಅಂಚೆಯಕ್ಕ ಓಡಲಿಲ್ಲ. ಓಡಬೇಕೆನಿಸಿದರೂ ನಡೆದೇ ಹೋದಳು.

ಗಾರೆಯಣ್ಣ ಗೋಡೆಯ ನಡುಭಾಗವನ್ನು ಮೇಲಿನಿಂದ ಒಂದೊಂದೇ ಕಲ್ಲಾಗಿ ಬಿಚ್ಚುತ್ತಿದ್ದ. ಬಿಚ್ಚಿದ್ದನ್ನು ಎಸೆದಿರಲಿಲ್ಲ. ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ, ಚಕ್ಕೆಗಳು ಒಂದು ಕಡೆ. ಒಬ್ಬರು ಆರಾಮಾಗಿ ದಾಟುವಷ್ಟು ಬಾಯಿ ತೆರೆದಿತ್ತು. ಅದರ ಮೂಲಕ ಕಲ್ಲುಸೇತುವೆಯೂ ಧುಮುಕುವ ನೀರೂ ಕಾಣುತ್ತಿದ್ದವು.

"ನಿನ್ನ ಗಾಡಿ ಹೋಗುತ್ತಾ ನೋಡು," ಎಂದ ಹುಡುಗಿಗೆ.

ಗಾಲಿ ಗಡಗಡ ಎಂದು ಆಚೆ ಹೋಗಿ, ಈಚೆ ಬಂತು. ಅವನು ಕೈ ಒರೆಸಿಕೊಂಡು ಕಾಗದಕ್ಕೆ ಕೈ ಚಾಚಿದ. ಕಿವಿಯ ಮೇಲಿದ್ದ ಗೀಟೆಳೆಯುವ ಪೆನ್ಸಿಲ್ ತೆಗೆದ.

"ಪೆನ್ಸಿಲ್ ನಡೆಯಲ್ಲ, ಅಜ್ಜಾ. ಪೆನ್ನೇ ಆಗಬೇಕು."

"ಗೋಡೆ ಬಿಚ್ಚಿದೀನಲ್ಲ, ಅದು ನಡೆಯುತ್ತಾ ನಿಮ್ಮ ಕಚೇರೀಲಿ?" ಎಂದು ಪೆನ್ನು ಕಿತ್ತುಕೊಂಡು ಸಹಿ ಹಾಕಿದ. ಆಮೇಲೆ ಬಗ್ಗಿ ಮತ್ತೊಂದು ಕಲ್ಲಿಗೆ ಹಾರೆ ಕೊಟ್ಟ. ತಂಗಿಯ ಕಡೆ ನೋಡಲಿಲ್ಲ. ಅವಳು ಒಂದು ಗಳಿಗೆ ನಿಂತಳು. ಅವನ ಬೆನ್ನು ನೋಡಿದಳು, ಅಮ್ಮನನ್ನು ಹೊತ್ತ ಬೆನ್ನು. ಬಿಚ್ಚಿದ ಜಾಗದಲ್ಲಿ ಆಚೆ ದಾಟಿದಳು.

ಹುಡುಗಿ ಕಾಗದವನ್ನು ಎದೆಗವಚಿಕೊಂಡು ಊರಿನತ್ತ ಮುಂದೆ ಓಡಿದಳು. ಇನ್ನೂ ಹನ್ನೊಂದು ಗಂಟೆ. ಅಂಚೆಯಕ್ಕ ಏರು ಇಳಿದು, ಸೇತುವೆ ದಾಟಿ, ನಾಲ್ಕನೆಯ ಕಲ್ಲಿಗೆ ಬಂದಳು. ಮಂಡಿಗೆ ಸಾಕಾಗಿತ್ತು. ಕಲ್ಲಿಗೆ ಒರಗಿ ಉಸಿರು ತಂದುಕೊಳ್ಳುತ್ತಿದ್ದಾಗ, ಹಿಂದಿನಿಂದ, ನೀರಿನ ಸದ್ದನ್ನು ಮೀರಿ ಬಂತು.

"ಪುಟ್ಟೀ!"

ಒಂದೇ ಒಂದು ಕೂಗು.

ಅವಳು ಕಾಯಲಿಲ್ಲ. ತಿರುಗಿದಳು. ಗಟ್ಟಿಯಾಗಿ ಕೂಗಲು ಎದೆಯಲ್ಲಿ ಉಸಿರಿರಲಿಲ್ಲ, ಮಗ್ಗುಲಲ್ಲಿ ನಿಂತವರಿಗೆ ಹೇಳುವಷ್ಟು ಮೆಲ್ಲನೆಯ ದನಿಯೇ ಹೊರಟಿತು.

"ಓ."

ನೀರು ಧುಮುಕುತ್ತಲೇ ಇತ್ತು. ಏರಿನ ಮೇಲೆ ಅಣ್ಣ ಹಾರೆಗೆ ಕೈಯೂರಿ, ತನ್ನತ್ತ ತಿರುಗಿದ ತಂಗಿಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ಬಗ್ಗಿ ಕೆಲಸ ಮುಂದುವರಿಸಿದ.

ಎರಡನೆಯ ಕೂಗು ಬರಲಿಲ್ಲ.